ನಾಲ್ಕೂವರೆಯ ಹಸಿವು

“ನನಗ ಹಸಿವಿ ಆಗೇತೇನು?”

ಕಸ್ತೂರೆವ್ವ ಇದನ್ನು ಯಾರನ್ನೂ ಕೇಳಿದ್ದಲ್ಲ. ಅಡುಗೆಮನೆಯಲ್ಲಿ ಆಕೆಯೊಬ್ಬಳೇ ಇದ್ದಳು. ಒಲೆ ಆರಿತ್ತು. ರೊಟ್ಟಿಯ ಹಂಚು ಗೋಡೆಗೆ ಒರಗಿ ನಿಂತಿತ್ತು. ಕಿಟಕಿಯ ಸರಳುಗಳ ನೆರಳು ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಗೆರೆ ಎಳೆದಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಏನೋ ತಗೊಳ್ಳಲೆಂದು ಒಳಗೆ ಬಂದು, ಬಂದದ್ದು ಯಾಕೆಂಬುದೇ ಮರೆತುಹೋದವಳ ಹಾಗೆ ನಿಂತಿದ್ದಳು. ದಿನವೂ ಈ ಹೊತ್ತಿಗೆ ಕಾಲುಗಳು ಆಕೆಯನ್ನು ಇಲ್ಲಿಗೆ ಕರೆತರುತ್ತಿದ್ದವು. ಬಂದ ಮೇಲೆ ಮಾಡಬೇಕಾದದ್ದು ಏನೂ ಇರುತ್ತಿರಲಿಲ್ಲ.

ಎಡಗೈಯ ಪಟ್ಟಿಯನ್ನು ನೋಡಿಕೊಂಡಳು. ಅದರಲ್ಲಿ ಹಸಿರು ದೀಪ ಹತ್ತಿದರೆ ಉಣ್ಣಬೇಕು, ನೀಲಿ ಹತ್ತಿದರೆ ನೀರು ಕುಡಿಯಬೇಕು, ಕೆಂಪು ಹತ್ತಿದರೆ ಸಾಕು ಮಾಡಬೇಕು. ಈಗ ಯಾವ ದೀಪವೂ ಇರಲಿಲ್ಲ. ಒಂಬತ್ತು ವರ್ಷಗಳಿಂದ ಆಕೆಗೆ ಹಸಿವಾಗಿದೆಯೋ ಇಲ್ಲವೋ ಎಂಬುದನ್ನು ಆ ಪಟ್ಟಿಯೇ ಹೇಳಬೇಕಾಗಿತ್ತು. ಆಕೆಯ ಹಸಿವು ಆಕೆಯಲ್ಲಿರಲಿಲ್ಲ. ಅದು ಹುಬ್ಬಳ್ಳಿಯ ಹೊರಗೆ, ಗುಡ್ಡದ ಮೇಲಿನ ಆಸ್ಪತ್ರೆಯ ಒಂದು ತಣ್ಣನೆಯ ಪೆಟ್ಟಿಗೆಯಲ್ಲಿ, ಗಾಜಿನ ಕೊಳವೆಯೊಳಗೆ ಜೀವ ಹಿಡಿದುಕೊಂಡಿತ್ತು. ಬರುವ ಸೋಮವಾರ ಅದನ್ನು ಮರಳಿ ತರಬೇಕೆಂದು ಆಕೆ ನಿಶ್ಚಯ ಮಾಡಿದ್ದಳು.

ನಡುಮನೆಯಿಂದ ಗಂಡನ ಕೆಮ್ಮು ಕೇಳಿಸಿತು. ಮಧ್ಯಾಹ್ನ ಇಟ್ಟ ಗಂಜಿಯ ಬಟ್ಟಲು ಅವನ ತಲೆದೆಸೆಯಲ್ಲಿ ಹಾಗೇ ಕೆನೆಗಟ್ಟಿತ್ತು.

*

ಹೊಟ್ಟೆಯನ್ನು ಕತ್ತರಿಸಿ ಬಾಳೆಕಾಯಿಯಷ್ಟು ಸಣ್ಣದು ಮಾಡಿ ಹೊಲಿಯುವ ಪದ್ಧತಿ ಮೊದಲಿನಿಂದಲೂ ಇತ್ತು. ಆದರೆ ಹಾಗೆ ಹೊಲಿಸಿಕೊಂಡವರಲ್ಲಿ ಎಷ್ಟೋ ಜನರ ಹಸಿವು ಎರಡು ವರ್ಷಕ್ಕೋ ಮೂರಕ್ಕೋ ಮತ್ತೆ ತಲೆ ಎತ್ತುತ್ತಿತ್ತು. ಹೊಟ್ಟೆ ನಿಧಾನಕ್ಕೆ ಹಿಗ್ಗುತ್ತಿತ್ತು, ಇಳಿದ ಮೈ ಮತ್ತೆ ತುಂಬಿಕೊಳ್ಳುತ್ತಿತ್ತು. ಗುಡ್ಡದ ಮೇಲಿನ ಆಸ್ಪತ್ರೆಯವರು ಅದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ರೋಗಿಯ ನರದ ಕಣಗಳಿಂದಲೇ ಒಂದು ಎಳೆ ಬೆಳೆಸುತ್ತಿದ್ದರು. ಕೂದಲಿಗಿಂತ ಸಣ್ಣದು, ಜೀವವಿರುವಂಥದು. ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ದೊಡ್ಡ ನರಕ್ಕೆ ಅದನ್ನು ಸುತ್ತುತ್ತಿದ್ದರು. ಆರು ವಾರ ಅದು ಅಲ್ಲಿ ಸುಮ್ಮನೆ ಕೇಳಿಸಿಕೊಳ್ಳುತ್ತಿತ್ತು. ಈ ಮನುಷ್ಯನಿಗೆ ಯಾವ ಹೊತ್ತಿಗೆ ಹಸಿವು, ಯಾವುದರ ಮೇಲೆ ಹಸಿವು, ಎಷ್ಟು ಹಸಿವು ಎಂದು ಕಲಿಯುತ್ತಿತ್ತು. ಕಲಿಯುತ್ತ ಕಲಿಯುತ್ತ ಹಸಿವು ಓಡಾಡುವ ದಾರಿಯನ್ನೇ ತನ್ನ ಮೇಲೆ ಎಳೆದುಕೊಳ್ಳುತ್ತಿತ್ತು. ಹೊಟ್ಟೆ ಹೊಲಿಯುವ ದಿನ ಆ ಎಳೆಯನ್ನು ಬಿಚ್ಚಿ ತೆಗೆದರೆ ಹಸಿವೂ ಅದರ ಸಂಗಡ ಹೊರಗೆ ಬಂದುಬಿಡುತ್ತಿತ್ತು. ನಕಲು ಮಾಡಲು ಬರುತ್ತಿರಲಿಲ್ಲ. ಒಬ್ಬರಿಗೆ ಒಂದೇ. ಯಾರಾದರೂ ಮುಂದೆ ಬೇಕೆಂದು ಕೇಳಿದರೆ ಇರಲಿ ಎಂದು ಹನ್ನೆರಡು ವರ್ಷ ಕಾಪಾಡಿ ಇಡುವ ಕಟ್ಟಳೆ ಮಾಡಿಕೊಂಡಿದ್ದರು.

ಕಸ್ತೂರೆವ್ವ ಆಗ ನೂರಾ ಹದಿನೆಂಟು ಕಿಲೋ ಇದ್ದಳು. ಮೊಣಕಾಲು ಸವೆದು, ಮಠದ ಮೆಟ್ಟಿಲು ಹತ್ತಲಾಗದೆ, ಶ್ರಾವಣದಲ್ಲಿ ಸ್ವಾಮಿಗಳು ಹೇಳುವ ಪುರಾಣವನ್ನು ರಸ್ತೆಯಾಚೆಯ ಕಟ್ಟೆಯ ಮೇಲೆ ಕೂತು ಧ್ವನಿವರ್ಧಕದಲ್ಲಿ ಕೇಳುತ್ತಿದ್ದಳು. ಕೈಮುಗಿದು, ಕಣ್ಣು ಮುಚ್ಚಿ, ಒಂದು ಪದ ಬಿಡದೆ ಕೇಳುವವಳು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಗಂಡ ಮಡಿವಾಳಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಾತು ಕಡಿಮೆ, ಆಡಿದರೆ ಚುಚ್ಚು. ಗೆಳೆಯರು ಮನೆಗೆ ಬಂದಾಗ ಹೆಂಡತಿಯ ಎದುರಿಗೇ ಹೇಳುತ್ತಿದ್ದ:

“ನಮ್ಮ ಮನ್ಯಾಗ ಇರಾವ್ರು ಇಬ್ಬರು. ಊಟ ಮಾತ್ರ ಮೂರು ಮಂದೀದು.”

ಗೆಳೆಯರು ನಗುತ್ತಿದ್ದರು. ಕಸ್ತೂರೆವ್ವನೂ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಗುತ್ತಿದ್ದಳು.

ಆಪರೇಶನ್ನಾದ ನಾಲ್ಕನೆಯ ವಾರದಲ್ಲಿ ಆಕೆ ಮೂರು ಸಲ ಕುಸಿದುಬಿದ್ದಳು. ಮಧ್ಯಾಹ್ನ ಊಟವಾದ ಕೂಡಲೇ ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ಆಸ್ಪತ್ರೆಯ ನಿಗಾ ಕೋಣೆಯಲ್ಲಿ ಗೋಡೆತುಂಬ ಪರದೆಗಳಿದ್ದವು. ನೂರಾರು ಕೈಪಟ್ಟಿಗಳ ಸುದ್ದಿ ಅಲ್ಲಿಗೆ ಬಂದು ಬೀಳುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ರೇಷ್ಮಾ ಬಾಗವಾನ ಎಂಬ ಹುಡುಗಿ ಕಸ್ತೂರೆವ್ವನನ್ನು ಕರೆಸಿ ಎದುರಿಗೆ ಕೂಡಿಸಿಕೊಂಡಳು.

“ಊಟದ ಜೋಡಿ ನೀರು ಕುಡಿಬ್ಯಾಡ್ರಿ, ಅರ್ಧ ತಾಸು ಬಿಡ್ರಿ ಅಂತ ಹೇಳಿದ್ದೆ. ಕುಡದ್ರೇನು?”

“ಇಲ್ಲ ನಮ್ಮವ್ವ. ಶಿವನಾಣಿ.”

“ಮಜ್ಜಿಗಿ?”

“ಊಹೂಂ.”

“ಮತ್ತೇನು ಕುಡದ್ರಿ ಹಂಗಾರ? ದಿನಾ ಒಂದು ಹೊಡದು ಹತ್ತು ನಿಮಿಷಕ್ಕ ನಿಮ್ಮ ಎದಿ ರೈಲು ಬಿಟ್ಟಂಗ ಓಡತೈತಿ ಇಲ್ಲಿ.”

“ಏನೂ ಇಲ್ಲವ್ವ. ತಾಟು ತೊಳಕೊಂಡು ಕುಡದೆ, ಅಷ್ಟ.”

ರೇಷ್ಮಾ ಹಣೆ ಹಣೆ ಬಡಿದುಕೊಂಡು ನಕ್ಕಳು. ಉಂಡ ಮೇಲೆ ತಾಟಿಗೆ ನೀರು ಹಾಕಿ, ಅಂಟಿದ ಅಗುಳು ಸಹ ಬಿಡದೆ ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದುಬಿಡುವುದು ಕಸ್ತೂರೆವ್ವನ ಮನೆತನದ ನಡೆ. ತಾಟಿನಲ್ಲಿ ಬಿದ್ದದ್ದು ಪ್ರಸಾದ. ಅದನ್ನು ಕೆಡಿಸುವಂತಿಲ್ಲ. ಅದು ನೀರು ಎಂದು ಆಕೆಗೆ ಅನ್ನಿಸಿರಲೇ ಇಲ್ಲ. ಆ ವರ್ಷದಿಂದ ಆಸ್ಪತ್ರೆಯ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಅಚ್ಚಾಯಿತು: ತಾಟು ತೊಳೆದ ನೀರೂ ನೀರೇ.

“ಬಿಟ್ಟಬಿಡ್ರಿ ಅಮ್ಮಾರ, ಇನ್ನ ಮ್ಯಾಲೆ.”

“ಅದೊಂದು ಆಗೂದಿಲ್ಲ ತಂಗಿ.”

ಕಡೆಗೆ ಒಂದು ಹಾದಿ ಸಿಕ್ಕಿತು. ಉಂಡ ಮೇಲೆ ಕಸ್ತೂರೆವ್ವ ಅರ್ಧ ತಾಸು ಖಾಲಿ ತಾಟಿನ ಮುಂದೆ ಹಾಗೇ ಕೂಡುವಳು. ಪಟ್ಟಿಯಲ್ಲಿ ನೀಲಿ ದೀಪ ಹತ್ತಿದ ಮೇಲೆ ನೀರು ಹಾಕಿ, ತೊಳೆದು, ಒಂದೊಂದೇ ಗುಟುಕು ಕುಡಿದು ಏಳುವಳು. ಒಣಗಿದ ತಾಟಿನ ಮುಂದೆ ಹಾಗೆ ದಿನಕ್ಕೆ ಎರಡು ಸಲ, ಒಂಬತ್ತು ವರ್ಷ ಕೂತಳು.

*

ಪ್ರತಿ ಬುಧವಾರ ಆಸ್ಪತ್ರೆಯಲ್ಲಿ ಹೊಟ್ಟೆ ಹೊಲಿಸಿಕೊಂಡವರ ಕೂಟ ಸೇರುತ್ತಿತ್ತು. ಮೊದಲನೆಯ ವರ್ಷದವರು ಬಾಗಿಲ ಹತ್ತಿರ ಕೂಡುತ್ತಿದ್ದರು, ಹಳಬರು ಕಿಟಕಿಯ ಕಡೆಗೆ. ಬಾಗಿಲ ಹತ್ತಿರದವರ ಮಾತೆಲ್ಲ ಸಡಿಲಾದ ಜಂಪರು, ಉದುರುವ ಕೂದಲು, ಜೀವಮಾನವಿಡೀ ನುಂಗಬೇಕಾದ ಗುಳಿಗೆಗಳದ್ದು. ಹತ್ತು ವರ್ಷದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತೆ ಎಂದು ಒಬ್ಬಾಕೆ ಅತ್ತೇಬಿಟ್ಟಿದ್ದಳು. ನಡುವಿನವರು ಜೋತುಬಿದ್ದ ಚರ್ಮದ ಮಾತಾಡುತ್ತಿದ್ದರು, ಮದುವೆಯಲ್ಲಿ ಎಲೆಯ ಮುಂದೆ ಕೂತಾಗ ಬಡಿಸುವವರ ಕಣ್ಣು ತಪ್ಪಿಸುವ ಮಾತಾಡುತ್ತಿದ್ದರು. ಕಿಟಕಿಯ ಹತ್ತಿರದವರು ಬಹಳ ಹೊತ್ತು ಸುಮ್ಮನಿರುತ್ತಿದ್ದರು.

ಒಂದು ಬುಧವಾರ ಬಸ್ ಕಂಡಕ್ಟರ್ ಫಕ್ಕೀರಪ್ಪ ಬಾಯಿಬಿಟ್ಟ. ಅವನದು ಐದನೆಯ ವರ್ಷ.

“ಹಸಿವಿ ಹೋದ ಮ್ಯಾಲೆ ನನ್ನ ಸಿಟ್ಟೂ ಹೋತ್ರಿ. ನನ್ನ ಹೇಣ್ತಿ ಮೊದಲ ಖುಷಿಪಟ್ಲು. ಈಗ ಅಂತಾಳ, ಊರಿಗೆ ಹೋದ್ರ ಯಾವಾಗ ಬರ್ತಿ ಅಂತ ಒಂದು ಫೋನರ ಮಾಡ್ತಿದ್ದಿ ಮೊದಲ, ಈಗ ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ ನಿನಗ, ಅಂತ. ಆಕಿ ಅನ್ನೂದು ಖರೇ ಐತ್ರಿ. ಏನು ಮಾಡ್ಲಿ?”

ಬಾಗಿಲ ಹತ್ತಿರದವರು ನಕ್ಕರು. ಕಿಟಕಿಯ ಹತ್ತಿರದವರು ನಗಲಿಲ್ಲ.

ಎಲ್ಲರ ಎಳೆ ಬಿಚ್ಚಿದ ಡಾಕ್ಟರ್ ಇನಾಮದಾರರು ಟೊಪ್ಪಿಗೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು. ಎಲ್ಲರಿಗೂ ಹೀಗಾಗುವುದಿಲ್ಲ. ಬಹಳ ಜನರ ಹಸಿವು ಬರೀ ಹಸಿವೇ. ಆದರೆ ಕೆಲವರಲ್ಲಿ ಹಸಿವಿನ ಹೆಗಲ ಮೇಲೆ ಬೇರೆ ಏನೋ ಹತ್ತಿ ಕೂತಿರುತ್ತದೆ. ಎಳೆ ತೆಗೆಯುವಾಗ ಅದೂ ಸಂಗಡ ಬಂದುಬಿಡುತ್ತದೆ. ಇದು ಮೊದಲೇ ತಮಗೆ ತಿಳಿದಿರಲಿಲ್ಲ, ನಿಮ್ಮನ್ನು ನೋಡುತ್ತಲೇ ಕಲಿಯುತ್ತಿದ್ದೇವೆ ಎಂದರು.

ಕಸ್ತೂರೆವ್ವ ಅವತ್ತು ಮನೆಗೆ ಬಂದು ದೇವರ ಮಾಡದ ಪಕ್ಕದಲ್ಲಿದ್ದ ಫೋಟೋದ ಮುಂದೆ ನಿಂತಳು. ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲ. ಗಿರಿಜಾ. ಎಂಟು ವರ್ಷದವಳಿದ್ದಾಗ ಮೂರೇ ದಿನದ ಮಿದುಳು ಜ್ವರಕ್ಕೆ ಹೋದವಳು. ಮತ್ತೆ ಮಕ್ಕಳಾಗಿರಲಿಲ್ಲ.

ಆ ಹುಡುಗಿ ನಾಲ್ಕೂವರೆಗೆ ಸಾಲೆಯಿಂದ ಬಂದವಳೇ ಪಾಟೀಚೀಲ ಒಗೆದು “ಯವ್ವಾ, ಮುಟಗಿ” ಎನ್ನುತ್ತಿದ್ದಳು. ಹಂಚಿನ ಮೇಲಿಂದ ತೆಗೆದ ಬಿಸಿರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದ ಜೊತೆ ಕುಟ್ಟಿ, ಎಣ್ಣೆ ಹಾಕಿ, ಮುಷ್ಟಿಯಲ್ಲಿ ಒತ್ತಿದ ಉಂಡೆ. ತಿಂದು ತಿಂದು ಕಡೆಯ ತುತ್ತನ್ನು ತಾಟಿನ ಅಂಚಿಗೆ ಸರಿಸುತ್ತಿದ್ದಳು. “ಇದು ನಿಂದು” ಎಂದು ಆಡಲು ಓಡುತ್ತಿದ್ದಳು. ಕಸ್ತೂರೆವ್ವ ಅದನ್ನು ತಿಂದು, ತಾಟು ತೊಳೆದು ಕುಡಿಯುತ್ತಿದ್ದಳು. ಮಗಳು ಹೋದ ಮೇಲೂ ನಾಲ್ಕೂವರೆ ಹೋಗಲಿಲ್ಲ. ಗಂಡ ವರ್ಕ್‌ಶಾಪಿನಲ್ಲಿರುವ ಹೊತ್ತು. ಆಕೆ ರೊಟ್ಟಿ ಬಡಿದು, ಮುಟಗಿ ಮಾಡಿ, ಮಗಳ ತಾಟಿನಲ್ಲಿಟ್ಟು, ಕಡೆಯ ತುತ್ತಿನವರೆಗೆ ಮಗಳ ಪರವಾಗಿ ತಾನೇ ತಿನ್ನುತ್ತಿದ್ದಳು. ಕಡೆಯದನ್ನು ಅಂಚಿಗೆ ಸರಿಸುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನು ತನ್ನ ಪಾಲಿನದೆಂದು ತಿನ್ನುತ್ತಿದ್ದಳು. ಒಂದು ಮುಟಗಿಗೆ ಆ ಹಸಿವು ತೀರುತ್ತಿರಲಿಲ್ಲ. ಎರಡಕ್ಕೂ ಇಲ್ಲ. ಹತ್ತೊಂಬತ್ತು ವರ್ಷ ಹೀಗೆ ನಡೆದಿತ್ತು.

ಆಪರೇಶನ್ನಾದ ಮೇಲೆ ಮೊದಲ ಸಲ ಮಗಳ ತಿಥಿ ಬಂದಾಗ ಕಸ್ತೂರೆವ್ವ ಅಳಲಿಲ್ಲ. ಸಮಾಧಾನ ಸಿಕ್ಕಿತು, ಎಲ್ಲ ಶಿವನ ದಯೆ ಎಂದುಕೊಂಡಳು. ಎರಡನೆಯ ವರ್ಷವೂ ಅಳಲಿಲ್ಲ. ಈಗ ಕೂಟದಿಂದ ಬಂದು ಫೋಟೋದ ಮುಂದೆ ನಿಂತಾಗ ಆಕೆಯ ಮನಸ್ಸಿನಲ್ಲಿ ಬಂದದ್ದು ಒಂದೇ ಮಾತು: ಕೂಸು ಚೆಂದ ಐತಿ. ನೆರೆಮನೆಯ ಕೂಸನ್ನು ಕಂಡಾಗ ಬರುತ್ತದಲ್ಲ, ಅಂಥ ಮಾತು. 

ಮರುದಿನವೇ ಡಾಕ್ಟರ ಮುಂದೆ ಹೋಗಿ ಕೂತಳು.

“ನೆನಪೈತ್ರಿ ಎಲ್ಲಾ. ಯಾವ ಅಂಗಿ ಹಾಕ್ಕೊಂಡಿದ್ಲು, ಯಾವ ಹಲ್ಲು ಬಿದ್ದಿತ್ತು, ಎಲ್ಲಾ ಐತಿ. ಆದ್ರ ಹಂಬಲ ಇಲ್ಲರಿ. ಬ್ಯಾರೆಯವ್ರ ಸುದ್ದಿ ಕೇಳಿದಂಗ ಆಗತೈತಿ.”

ಡಾಕ್ಟರ್ ಆಕೆಯ ಎಳೆಯ ಹಳೆಯ ನಕ್ಷೆಯನ್ನು ಪರದೆಯ ಮೇಲೆ ತಂದರು. ಇಡೀ ದಿನದ ಹಸಿವು ಸಣ್ಣಸಣ್ಣ ದಿಬ್ಬಗಳಾಗಿತ್ತು. ನಾಲ್ಕೂವರೆಯಲ್ಲಿ ಮಾತ್ರ ಗುಡ್ಡ ಎದ್ದಿತ್ತು. ಕೆಳಗೆ ಯಾರೋ ಬರೆದಿದ್ದರು: ಸಂಜೆಯ ತಿನ್ನುವ ಚಟ.

“ನಾನ ಬರದೀನ್ರಿ ಇದನ್ನ,” ಅಂದರು ಇನಾಮದಾರರು. ಅವರ ಮುಖ ಕೆಳಗಾಗಿತ್ತು. “ಬೇಕಂದ್ರ ವಾಪಸ್ ಸುತ್ತತೀನಿ. ಆದ್ರ ಹೊಟ್ಟಿ ಸಣ್ಣದೈತಿ, ಹಸಿವಿ ದೊಡ್ಡದೈತಿ. ನಾಕ ತುತ್ತಿಗೆ ಹೊಟ್ಟಿ ತುಂಬತೈತಿ, ಹಸಿವಿ ಹಂಗ ಉಳೀತೈತಿ. ದಿನಾ. ವಿಚಾರ ಮಾಡ್ರಿ.”

ಆಕೆ ವಿಚಾರ ಮಾಡಿದಳು. ಮಠದ ಮೆಟ್ಟಿಲು ಹತ್ತುವ ಕಾಲುಗಳು, ಸೂಜಿಗೆ ದಾರ ಪೋಣಿಸುವ ಕಣ್ಣುಗಳು ಮರಳಿ ಸಿಕ್ಕಿದ್ದವು. ಮುಂದಿನ ಶ್ರಾವಣಕ್ಕೆ ನೋಡೋಣ ಎಂದಳು. ಮುಂದಿನ ಶ್ರಾವಣದಲ್ಲಿ ಮತ್ತೆ ಹಾಗೇ ಎಂದಳು. ಹೀಗೆ ಒಂಬತ್ತು ವರ್ಷವಾಗಿತ್ತು. ಹಂಬಲವಿಲ್ಲದವಳಿಗೆ ಹಂಬಲ ಬೇಕೆಂಬ ಅವಸರವಾದರೂ ಎಲ್ಲಿಂದ ಬರಬೇಕು? ಒಂದು ದಿನ ಮಗಳ ತಾಟನ್ನು ಪಾತ್ರೆಯವನಿಗೆ ಹಾಕಲೆಂದು ತೆಗೆದಿಟ್ಟು, ತೆಗೆದಿಟ್ಟದ್ದು ತಾನೇ ಎಂದು ಕಂಡಾಗ ಮಾತ್ರ ಆಕೆಗೆ ನಿಜವಾಗಿ ಹೆದರಿಕೆಯಾಯಿತು. ಸೋಮವಾರ ಬರುತ್ತೇನೆಂದು ರೇಷ್ಮಾಳಿಗೆ ಫೋನು ಮಾಡಿದಳು.

*

ಸೋಮವಾರ ಡಾಕ್ಟರ್ ಕೇಳಿದ ಮೊದಲ ಮಾತೇ “ಮಡಿವಾಳಪ್ಪನವರು ಹೆಂಗದಾರ?” ಎಂದು.

ಮಡಿವಾಳಪ್ಪನಿಗೆ ಹಿಂದಿನ ವರ್ಷ ಗಂಟಲಿನ ಕ್ಯಾನ್ಸರ್ ಆಗಿತ್ತು. ಗಡ್ಡೆ ಕರಗಿತ್ತು, ನುಂಗಲೂ ಬರುತ್ತಿತ್ತು. ಆದರೆ ಹಸಿವು ಸತ್ತುಹೋಗಿತ್ತು. ಎಂಟು ತಿಂಗಳಲ್ಲಿ ನಲವತ್ತೊಂದು ಕಿಲೋಕ್ಕೆ ಇಳಿದಿದ್ದ. ಬಾಯಿಗಿಟ್ಟದ್ದು ಮಣ್ಣಿನ ಹಾಗೆ ಎಂದು ಉಗುಳುತ್ತಿದ್ದ.

ಕಸ್ತೂರೆವ್ವ ಇದನ್ನೆಲ್ಲ ಹೇಳಿದಳು. ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಕಸ್ತೂರೆವ್ವಾರ, ಒಂದು ಮಾತು ಹೇಳತೀನಿ. ಒಲ್ಲೆ ಅಂದ್ರ ನಾ ಏನೂ ತಿಳಕೊಳ್ಳೂದಿಲ್ಲ. ಒಬ್ಬರ ಎಳಿ ಇನ್ನೊಬ್ಬರಿಗೆ ಹೊಂದತೈತಿ, ಹೊಟ್ಟಿ ಹೊಟ್ಟಿ ಕೂಡಿದ್ರ. ಅಣ್ಣ ತಮ್ಮರದು ಹೊಂದಂಗಿಲ್ಲ. ಗಂಡ ಹೇಣ್ತೀದು ಹೊಂದತೈತಿ. ಭಾಳ ವರ್ಷ ಒಂದ ಒಲಿ ಮ್ಯಾಲಿಂದು ಉಂಡವರದು.”

“ಮೂವತ್ತೆಂಟು ವರ್ಷ ಆತ್ರಿ,” ಅಂದಳು ಆಕೆ.

“ಅವ್ರು ಹಿಂಗ ಇದ್ರ ಇನ್ನೆರಡು ತಿಂಗಳು ಉಳೀಬಹುದು. ನಿಮ್ಮ ಹಸಿವಿ ಅವ್ರಿಗೆ ಕೊಟ್ರ ಉಣ್ಣತಾರ. ಆದ್ರ ನಿಮಗ ಕೊಡಾಕ ನನ್ನ ಹಂತೇಕ ಇನ್ನೊಂದು ಇಲ್ಲ.”

ಕಿಟಕಿಯಾಚೆ ಆಸ್ಪತ್ರೆಯ ಬೇವಿನ ಗಿಡದಲ್ಲಿ ಅಳಿಲೊಂದು ಎರಡು ಕೈಯಲ್ಲಿ ಏನನ್ನೋ ಹಿಡಿದು ತಿನ್ನುತ್ತಿತ್ತು. ಅದನ್ನು ನೋಡುತ್ತಲೇ ಕಸ್ತೂರೆವ್ವ ಕೇಳಿದಳು: “ಎಲ್ಲಿ ಸಹಿ ಮಾಡ್ಲಿ?”

ಎಳೆ ಸುತ್ತುವ ದಿನ ಆಕೆಯನ್ನು ನಿಗಾ ಕೋಣೆಯಲ್ಲಿ ರೇಷ್ಮಾಳ ಪಕ್ಕ ಕೂಡಿಸಿದ್ದರು. ಗಾಜಿನಾಚೆ ಮಡಿವಾಳಪ್ಪ ಹಸಿರು ಬಟ್ಟೆಯ ಕೆಳಗೆ ಮಲಗಿದ್ದ. ಕೊಳವೆಯಿಂದ ತೆಗೆದ ಎಳೆ ಕಣ್ಣಿಗೆ ಕಾಣಿಸಲೂ ಇಲ್ಲ. ಪರದೆಯ ಮೇಲೆ ಒಂದು ಚಪ್ಪಟೆ ಗೆರೆ ಹರಿಯುತ್ತಿತ್ತು. ಎರಡು ತಾಸು ಅದು ಹಾಗೇ ಹರಿಯಿತು. ಆಮೇಲೆ ಸ್ವಲ್ಪವೇ ಅಲುಗಿತು.

“ನೋಡ್ರಿ ಅಮ್ಮಾರ, ಎದ್ದೈತಿ,” ಎಂದು ರೇಷ್ಮಾ ಆಕೆಯ ಕೈ ಹಿಡಿದುಕೊಂಡಳು. “ನಿಮ್ಮದ ಅದು.”

“ಹೌದನವ್ವ?” ಅಂದಳು ಕಸ್ತೂರೆವ್ವ. ಆಕೆಗೆ ಗುರುತು ಹತ್ತಲಿಲ್ಲ.

*

ಮೂರನೆಯ ವಾರದ ಒಂದು ಮುಂಜಾನೆ ಮಡಿವಾಳಪ್ಪ ಹಾಸಿಗೆಯಿಂದಲೇ ಕೂಗಿದ: “ಏ ಕಸ್ತೂರಿ, ಇವತ್ತ ಏನು ಮಾಡೀದಿ?”

ಎಂಟು ತಿಂಗಳಲ್ಲಿ ಅವನು ಆ ಮಾತು ಕೇಳಿರಲಿಲ್ಲ. ಕಸ್ತೂರೆವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಬಿಟ್ಟು ಓಡಿಬಂದಳು. ಅವತ್ತು ಅವನು ಒಂದು ರೊಟ್ಟಿ ತಿಂದ, ಪುಂಡಿಪಲ್ಯೆ ಹಾಕಿಸಿಕೊಂಡ, ಬೆರಳು ನೆಕ್ಕಿದ. ತನಗೆ ಸೇರದ ಪುಂಡಿಪಲ್ಯೆ ಯಾಕೆ ಇಷ್ಟು ರುಚಿಯಾಯಿತೆಂದು ಅವನಿಗೆ ತಿಳಿಯಲಿಲ್ಲ. ಅದು ಆಕೆಗೆ ಸೇರುತ್ತಿದ್ದ ಪಲ್ಯೆ.

“ನಿನ್ನ ಹಸಿವಿ ಭಾಳ ಜೋರೈತೆಲೆ,” ಎಂದು ನಕ್ಕ. “ಹೆಂಗ ತಡಕೊಂಡಿದ್ದಿ ಇದನ್ನ?”

“ಎಲ್ಲಿ ತಡಕೊಂಡಿದ್ದೆ? ತಿಂತಿದ್ದೆನಲ್ಲ. ನೀವ ಎಲ್ಲಾರಿಗೂ ಹೇಳಿ ನಗತಿದ್ರಿ.”

ಅವನು ಹುಸಿಕೋಪದಿಂದ ಆಚೆ ತಿರುಗಿದ. ಮನೆಯಲ್ಲಿ ಬಹಳ ದಿನಕ್ಕೆ ನಗೆ ಕೇಳಿಸಿತ್ತು.

ಅದೇ ದಿನ ಸಂಜೆ ನಾಲ್ಕೂವರೆಗೆ ಕಸ್ತೂರೆವ್ವ ಎಂದಿನಂತೆ ಕಾಲು ಕರೆತಂದ ಅಡುಗೆಮನೆಯಲ್ಲಿ ಬಂದು ನಿಂತಿದ್ದಾಗ, ಬೆನ್ನ ಹಿಂದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಗಂಡ ಬಂದು ನಿಂತ. ಒಬ್ಬನೇ ಎದ್ದು ಬಂದಿದ್ದ. ಮುಖ ಬಿಳಿಚಿತ್ತು.

“ಮುಟಗಿ ಮಾಡ್ತಿಯೇನು?”

ಅವನು ಮುಟಗಿ ತಿಂದವನೇ ಅಲ್ಲ. ಹುಡುಗರ ತಿನಿಸು ಎಂದು ಹಳಿಯುತ್ತಿದ್ದವನು. ಆಕೆ ಒಲೆ ಹಚ್ಚಿ, ರೊಟ್ಟಿ ಬಡಿದು, ಕುಟ್ಟಿ, ಒತ್ತಿ, ತಾಟಿನಲ್ಲಿಟ್ಟು ಮುಂದೆ ಸರಿಸಿದಳು. ಅವನು ಮುಟ್ಟಲಿಲ್ಲ.

“ಹಿಂಗಲ್ಲ. ನೀ ತಿನ್ನು. ಕಡೀ ತುತ್ತು ನನಗ ಬಿಡು.”

ಇನ್ನೊಬ್ಬರ ಎಂಜಲನ್ನು ಎಂದೂ ಮುಟ್ಟದ ಮನುಷ್ಯ. ಹೆಂಡತಿಯ ತಾಟಿನಲ್ಲಿ ಒಂದು ದಿನ ಕೈಯಿಟ್ಟವನಲ್ಲ. ಕಸ್ತೂರೆವ್ವನಿಗೆ ಆಗಲೇ ಎಲ್ಲ ತಿಳಿಯಿತು. ಆಕೆಯ ಸಣ್ಣ ಹೊಟ್ಟೆಗೆ ಅಷ್ಟು ಹಿಡಿಯುವುದಿಲ್ಲ. ಆದರೂ ಚಿಕ್ಕ ಚಿಕ್ಕದಾಗಿ ಮುರಿದು ತಿಂದಳು, ಹಿಡಿಯದ್ದನ್ನು ಬಟ್ಟಲಿಗೆ ತೆಗೆದು ಮುಚ್ಚಿದಳು. ಒಂದು ತುತ್ತನ್ನು ತಾಟಿನ ಅಂಚಿಗೆ ಸರಿಸಿದಳು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗಿಟ್ಟುಕೊಂಡ. ಅಗಿಯುತ್ತ ಅಗಿಯುತ್ತ ತಲೆಬಾಗಿಲ ಕಡೆ ನೋಡತೊಡಗಿದ.

“ಯಾರು ಬರಬೇಕಾಗೇತಿ?” ಅಂದ. “ಯಾರೋ ಬರೂದೈತಲ್ಲ ಈಗ? ಕಸ್ತೂರಿ, ಸಾಲಿ ಬಿಟ್ಟಿರಬೇಕಲ್ಲ ಇಷ್ಟೊತ್ತಿಗೆ?”

ಆಮೇಲೆ ಅವನ ಬಾಯಿಂದ ಬಂದ ಧ್ವನಿಯನ್ನು ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಕೇಳಿರಲಿಲ್ಲ. ಮಗಳನ್ನು ಮಣ್ಣಿಗಿಟ್ಟು ಬಂದ ದಿನವೂ ಅವನು ಕೈಕಾಲು ತೊಳೆದು ಡ್ಯೂಟಿಯ ಚೀಟಿ ಹುಡುಕಿದ್ದ. ಈಗ ಒಲೆಯ ಮುಂದೆ ಕುಕ್ಕರಿಸಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ.

“ಇದು ಹಸಿವಿ ಅಲ್ಲಲೆ. ಇದು ಹಸಿವಿ ಅಲ್ಲ.”

“ಹೌದ್ರಿ.”

“ದಿನಾ ಹಿಂಗ ಆಗತಿತ್ತೇನು ನಿನಗ?”

“ದಿನಾ.”

“ಹತ್ತೊಂಬತ್ತು ವರ್ಷ?”

ಆಕೆ ತಲೆಯಾಡಿಸಿದಳು.

“ನಾ ಮೂರು ಮಂದಿ ಊಟ ಅಂತ ನಗತಿದ್ದೆ.”

“ಖರೇನ ಅಂತಿದ್ರಿ,” ಅಂದಳು ಕಸ್ತೂರೆವ್ವ. “ಮೂರು ಮಂದೀದ ಇತ್ತು.”

ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಆಕೆಯ ಕಣ್ಣು ಒಣಗಿಯೇ ಇತ್ತು. ಅಳುವ ಮನುಷ್ಯನ ಮೇಲೆ ಕನಿಕರ ಬಂತು. ಮಗಳ ಮೇಲೆ ಏನೂ ಬರಲಿಲ್ಲ.

*

ಏಳು ತಿಂಗಳು ಒಳ್ಳೆಯ ದಿನಗಳು. ಮಡಿವಾಳಪ್ಪನ ಕೆನ್ನೆ ತುಂಬಿದವು. ಪ್ರತಿದಿನ ನಾಲ್ಕೂವರೆಗೆ ಇಬ್ಬರೂ ಒಂದೇ ತಾಟಿನ ಮುಂದೆ ಕೂಡುತ್ತಿದ್ದರು. ಆಕೆ ನಾಲ್ಕು ತುತ್ತು ತಿಂದು ಕಡೆಯದನ್ನು ಬಿಡುತ್ತಿದ್ದಳು. ಅವನು ಅದನ್ನು ತಿಂದು, ಅತ್ತು, ತಾಟು ತೊಳೆದು ಕುಡಿದು, ಆಮೇಲೆ ಗಿರಿಜಾಳ ಮಾತು ತೆಗೆಯುತ್ತಿದ್ದ. ಮಗಳು ತನ್ನ ಸೈಕಲ್ಲಿನ ಮುಂದಿನ ಸರಳಿನ ಮೇಲೆ ಕೂತು ಗಂಟೆ ಹೊಡೆಯುತ್ತಿದ್ದದ್ದು, ಗಣೇಶಪೇಟೆಯ ಸಂದಿಯಲ್ಲಿ ಚಪ್ಪಲಿ ಕಳಕೊಂಡು “ಅದಕ್ಕ ನನ್ನ ಕಾಲು ಸೇರಲಿಲ್ಲ ಅಪ್ಪಾ” ಎಂದದ್ದು. ಒಂದೊಂದಾಗಿ ಹೊರಗೆ ಬರುತ್ತಿತ್ತು. ಅಷ್ಟೂ ವರ್ಷ ಅವನೊಳಗೆ ಎಲ್ಲಿ ಬಿದ್ದಿತ್ತೋ.

ಕಸ್ತೂರೆವ್ವ ಶ್ರಾವಣದ ಪುರಾಣ ಕೇಳುವ ಹಾಗೆ ಕೇಳುತ್ತಿದ್ದಳು. ಕೈ ಮುಗಿದುಕೊಂಡು, ಒಂದು ಪದ ಬಿಡದೆ. ಪುರಾಣದಲ್ಲಿ ಯಾವುದೋ ರಾಣಿ ಯಾವುದೋ ಮಗುವನ್ನು ಕಳಕೊಂಡಾಗ ಸುತ್ತಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರಲ್ಲ, ಅಷ್ಟಾದರೂ ತನಗೆ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಬರುತ್ತಿರಲಿಲ್ಲ. ಅಳುತ್ತಿದ್ದ ಗಂಡನ ಮುಖದ ಮೇಲೆ ತನ್ನದೇ ಹಳೆಯ ಮುಖ ಕಾಣುತ್ತಿತ್ತು. ಕೆಲವು ದಿನ ಆಕೆಗೆ ಅವನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಆಷಾಢದಲ್ಲಿ ಗಡ್ಡೆ ಮರಳಿ ಬಂತು. ಈ ಸಲ ಯಕೃತ್ತಿನಲ್ಲಿ. ಇನಾಮದಾರರು ಕಸ್ತೂರೆವ್ವ ಒಬ್ಬಳನ್ನೇ ಒಳಗೆ ಕರೆದರು. ರೇಷ್ಮಾ ಗೋಡೆಗೆ ಒರಗಿ ನಿಂತಿದ್ದಳು.

“ಎರಡು ವಾರ. ಭಾಳ ಆದ್ರ ಮೂರು,” ಅಂದರು. “ಇನ್ನೊಂದು ಮಾತೈತ್ರಿ. ಎಳಿ ಇನ್ನೂ ಗಟ್ಟಿ ಐತಿ. ಅವ್ರ ಜೀವ ಇರೂದ್ರಾಗ ಬಿಚ್ಚಿದ್ರ ನಿಮಗ ಸುತ್ತಾಕ ಬರತೈತಿ. ಜೀವ ಹೋದ್ರ ಅದೂ ಹೋಗತೈತಿ, ಅರ್ಧ ತಾಸಿನಾಗ. ಬಿಚ್ಚಿದ್ರ ಅವ್ರು ಉಣ್ಣೂದು ಬಿಡತಾರ. ನಾಕೈದು ದಿನ ಮೊದಲ ಹೋಗಬಹುದು. ಬ್ಯಾನಿ ಏನೂ ಆಗಂಗಿಲ್ಲ. ಅವ್ರು ಹೂಂ ಅನ್ನಬೇಕು, ಅಷ್ಟ.”

“ನೀವ ಕೇಳ್ತೀರೇನು?” ಅಂದಳು ಆಕೆ.

“ನಾ ಹೆಂಗ ಕೇಳ್ಲಿರಿ?”

ಬಾಗಿಲವರೆಗೆ ಬಂದ ರೇಷ್ಮಾ ಕೈಪಟ್ಟಿ ಸರಿಮಾಡುವ ನೆಪದಲ್ಲಿ ಆಕೆಯ ಮುಂಗೈ ಒತ್ತಿದಳು. “ಅಮ್ಮಾರ, ಶನಿವಾರದೊಳಗ ಹೇಳ್ರಿ.”

ಬುಧವಾರ, ಗುರುವಾರ ಹೋದವು. ಕಸ್ತೂರೆವ್ವ ಬಾಯಿ ತೆರೆಯಲಿಲ್ಲ. ಶುಕ್ರವಾರ ಮಧ್ಯಾಹ್ನ ಅಟ್ಟದಿಂದ ಮಗಳ ಹಿತ್ತಾಳೆಯ ತಾಟು ತೆಗೆದು ಹುಣಸೆಹಣ್ಣು ಹಚ್ಚಿ ಬೆಳಗಿದಳು. ನಾಲ್ಕೂವರೆಗೆ ಮುಟಗಿ ಮಾಡಿ ಅದರಲ್ಲೇ ಇಟ್ಟು ನಡುಮನೆಗೆ ತಂದಳು. ಮಡಿವಾಳಪ್ಪ ದಿಂಬಿಗೆ ಒರಗಿ ಎದ್ದು ಕೂತ. ಕಣ್ಣು ಹಳದಿಯಾಗಿದ್ದವು. ತಾಟನ್ನು ಕಂಡು ಅದರ ಅಂಚಿನ ಮೇಲೆ ಬೆರಳಾಡಿಸಿದ. ಒಂದು ಕಡೆ ಸಣ್ಣ ತಗ್ಗಿತ್ತು.

“ಪಾಟಿ ಒಗದು ತಗ್ಗು ಮಾಡಿದ್ಲಲ್ಲ ಇಲ್ಲಿ.”

“ಹೌದನ್ರಿ? ಈಗೀಗ ನೆನಪೂ ಹೋಗಾಕತ್ತಾವ ನನಗ.”

ಆಕೆ ನಾಲ್ಕು ತುತ್ತು ತಿಂದಳು. ಕಡೆಯದನ್ನು ಅಂಚಿಗೆ ಸರಿಸಿದಳು. ಅವನು ಎತ್ತಿಕೊಳ್ಳುವ ಮೊದಲೇ ಹೇಳಿಬಿಟ್ಟಳು. ಡಾಕ್ಟರ್ ಹೇಳಿದ್ದನ್ನು ಒಂದೂ ಬಿಡದೆ, ನಾಲ್ಕೈದು ದಿನದ ಮಾತನ್ನೂ ಮುಚ್ಚಿಡದೆ. ಅವನು ತುತ್ತಿನ ಮೇಲೆ ಕಣ್ಣಿಟ್ಟು ಕೇಳಿದ.

“ನಾ ಎಂದೂ ನಿಮ್ಮನ್ನ ಏನೂ ಬೇಡಿಲ್ಲರಿ,” ಅಂದಳು ಕಸ್ತೂರೆವ್ವ. “ಇದೊಂದು ನನಗ ವಾಪಸ್ ಕೊಡ್ರಿ. ನಿಮ್ಮ ಕೂಡ ಅದು ಮಣ್ಣಿಗೆ ಹೋದ್ರ ಆಕಿ ಹಾದಿ ನೋಡಾವ್ರು ಈ ಭೂಮಿ ಮ್ಯಾಲೆ ಯಾರೂ ಉಳಿಯಂಗಿಲ್ಲ. ನಾ ನೀವು ಸತ್ತಾಗೂ ಅಳತೀನೋ ಇಲ್ಲೋ ನನಗ ಗೊತ್ತಿಲ್ಲರಿ. ಹಿಂಗ ಕಲ್ಲಾಗಿ ಇನ್ನೆಷ್ಟು ವರ್ಷ ಕುಂಡ್ರಲಿ ನಾ?”

ಹೊರಗೆ ರಸ್ತೆಯಲ್ಲಿ ಸಾಲೆ ಬಿಟ್ಟ ಮಕ್ಕಳ ಗದ್ದಲ ಹಾದುಹೋಯಿತು. ಮಡಿವಾಳಪ್ಪನ ಮೈ ಒಮ್ಮೆ ಆ ಕಡೆ ಎಳೆದುಕೊಂಡಿತು. ಗದ್ದಲ ದೂರವಾಗುವವರೆಗೆ ಬಾಗಿಲನ್ನೇ ನೋಡಿದ. ಆಮೇಲೆ ತುತ್ತನ್ನೆತ್ತಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದ. ಕಣ್ಣೀರು ಗಡ್ಡದವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

“ನೀ ಹತ್ತೊಂಬತ್ತು ವರ್ಷ ಹೊತ್ತಿ,” ಅಂದ. “ನಾಕ ತುತ್ತು ಹಿಡಿಯೂ ಹೊಟ್ಯಾಗ ಇದನ್ನ ಮತ್ತ ಹೆಂಗ ಇಟ್ಕೋತಿ? ಸುಟ್ಟು ಹೋಕ್ಕಿ.”

“ಸುಡಲಿ ಬಿಡ್ರಿ. ಕೊಡ್ರಿ.”

“ನನಗ ಆಕಿ ಸಿಕ್ಕು ಏಳ ತಿಂಗಳಾತು ಕಸ್ತೂರಿ.”

ಅವನು ಚಂಬಿನಿಂದ ತಾಟಿಗೆ ನೀರು ಹಾಕಿದ. ಹಾಸಿಗೆಯ ಮೇಲೂ ಚೆಲ್ಲಿತು. ಬೆರಳಿನಿಂದ ಅಂಚೆಲ್ಲ ತಿಕ್ಕಿದ, ತಗ್ಗಿನಲ್ಲಿ ಸಿಕ್ಕ ಅಗುಳನ್ನು ಉಗುರಿನಿಂದ ಎಬ್ಬಿಸಿದ. ತಾಟನ್ನು ಎರಡೂ ಕೈಯಲ್ಲಿ ಎತ್ತಿ ಕಡೆಯ ಹನಿಯವರೆಗೆ ಕುಡಿದ. ಆಕೆ ತಾಟಿಗಾಗಿ ಕೈ ಚಾಚಿದಳು. ಅವನು ಅದನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ತಿರುಗಿದ.

“ಇಲ್ಲ,” ಅಂದ. “ಕೊಡಂಗಿಲ್ಲ.”